ಒಂದೇ ಪುಡಿ, ಎರಡು ಘನ: ಲಿಥಿಯಂ ಡೈಬೋರೇಟ್ ಗಾಜನ್ನೂ ಸ್ಫಟಿಕವನ್ನೂ ಮಾಡಿ ಪರೀಕ್ಷಿಸುವ ಬಗೆ

ಅಜೈವಿಕ ಘನಗಳ ಕೆಲಸಕ್ಕೆ ಹೊಸದಾಗಿ ಇಳಿದವರು ಯಾವ ವಸ್ತುವಿನಿಂದ ಶುರು ಮಾಡಬೇಕು ಎಂದು ಕೇಳಿದರೆ ನಾನು ಕಣ್ಣು ಮುಚ್ಚಿ ಹೇಳುವುದು ಲಿಥಿಯಂ ಡೈಬೋರೇಟ್. ರಾಸಾಯನಿಕ ಮಾರುವವರ ಪಟ್ಟಿಯಲ್ಲಿ ಇದನ್ನು ಲಿಥಿಯಂ ಟೆಟ್ರಾಬೋರೇಟ್ ಎಂದು ಹುಡುಕಬೇಕು. ಎರಡು ಲಿಥಿಯಂ, ನಾಲ್ಕು ಬೋರಾನ್, ಏಳು ಆಕ್ಸಿಜನ್. ಅಂದರೆ ಒಂದು ಪಾಲು ಲಿಥಿಯಂ ಆಕ್ಸೈಡಿಗೆ ಎರಡು ಪಾಲು ಬೋರಾನ್ ಆಕ್ಸೈಡ್. ಕರಗುವುದು 917 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಹಾಗಾಗಿ ಸಾಧಾರಣ ಮಫಲ್ ಫರ್ನೇಸ್ ಸಾಕು. ಕರಗುವಾಗ ಒಡೆದು ಬೇರೆ ಸಂಯುಕ್ತಗಳಾಗುವುದಿಲ್ಲ. ಥಟ್ಟನೆ ತಣಿಸಿದರೆ ತಿಳಿ ಗಾಜು, ನಿಧಾನಕ್ಕೆ ಬಿಟ್ಟರೆ ಬಿಳಿ ಸ್ಫಟಿಕ. ಒಂದೇ ಸಂಯೋಜನೆಯಲ್ಲಿ ಎರಡು ರಚನೆ ಸಿಗುವುದರಿಂದ, ಯಾವ ಉಪಕರಣ ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ ಎಂಬುದು ಪಕ್ಕಪಕ್ಕ ಇಟ್ಟು ನೋಡಲು ಸಿಗುತ್ತದೆ.

ಬರೀ ಅಭ್ಯಾಸದ ವಸ್ತುವೂ ಅಲ್ಲ ಇದು. ಸಿಮೆಂಟ್, ಅದಿರು ಪರೀಕ್ಷಿಸುವ ಎಕ್ಸ್-ರೇ ಫ್ಲೂರೊಸೆನ್ಸ್ ಲ್ಯಾಬುಗಳಲ್ಲಿ ಮಾದರಿಯನ್ನು ಕರಗಿಸಿ ಗಾಜಿನ ಬಿಲ್ಲೆ ಮಾಡುವುದು ಇದೇ ಪುಡಿಯನ್ನು ಬೆರೆಸಿ. ಇದರ ಪರಿಣಾಮಕಾರಿ ಪರಮಾಣು ಸಂಖ್ಯೆ ನಮ್ಮ ದೇಹದ ಅಂಗಾಂಶದ್ದಕ್ಕೆ ಬಹಳ ಹತ್ತಿರ ಇರುವುದರಿಂದ, ತಾಮ್ರ ಬೆರೆಸಿದ ಡೈಬೋರೇಟ್ ವಿಕಿರಣದ ಪ್ರಮಾಣ ಅಳೆಯಲೂ ಬಳಕೆಯಾಗುತ್ತದೆ.

ಕರ್ನಾಟಕದಲ್ಲಿ ಈ ಬಗೆಯ ಕೆಲಸಕ್ಕೆ ಹಳೆಯ ಬೇರುಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1976ರಲ್ಲಿ ಸಿ.ಎನ್.ಆರ್. ರಾವ್ ಅವರು ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕವನ್ನು ಆರಂಭಿಸಿದರು, ಅಲ್ಲಿ ಕೆ.ಜೆ. ರಾವ್ ಅವರ ತಂಡ ದಶಕಗಳ ಕಾಲ ಗಾಜುಗಳ ರಚನೆಯನ್ನೇ ಬೆನ್ನು ಹತ್ತಿತ್ತು. ಇವತ್ತು ರಾಜ್ಯದ ಹಲವು ಭೌತಶಾಸ್ತ್ರ, ರಸಾಯನಶಾಸ್ತ್ರ ವಿಭಾಗಗಳಲ್ಲಿ ಬೋರೇಟ್ ಗಾಜು ಎಂಬುದು ಎಂ.ಎಸ್‌ಸಿ. ಪ್ರಾಜೆಕ್ಟಿನ ಮಾಮೂಲಿ ವಿಷಯ. ಮಾಡುವವರು ಬಹಳ, ಮಾಡಿದ್ದು ನಿಜಕ್ಕೂ ಏನು ಎಂದು ಸಾಬೀತು ಮಾಡುವವರು ಕಡಿಮೆ. ಈ ಮಾರ್ಗದರ್ಶಿಯ ಅರ್ಧ ಭಾಗ ಅದಕ್ಕೇ ಮೀಸಲು.

ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಲಿಥಿಯಂ ಕಾರ್ಬೋನೇಟ್ ಮತ್ತು ಬೋರಿಕ್ ಆಮ್ಲ, ಎರಡೂ ಶೇ 99ಕ್ಕಿಂತ ಹೆಚ್ಚು ಶುದ್ಧವಾದವು. ಕಾರ್ಬೋನೇಟನ್ನು ತೂಗುವ ಮೊದಲು 150ರಿಂದ 200 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ. ಬೋರಿಕ್ ಆಮ್ಲವನ್ನು ಮಾತ್ರ ಓವನ್ನಿಗೆ ಇಡಬೇಡಿ. ನೂರು ಡಿಗ್ರಿ ದಾಟುತ್ತಿದ್ದಂತೆ ಅದು ತನ್ನೊಳಗಿನ ನೀರನ್ನೇ ಬಿಟ್ಟುಕೊಡುತ್ತದೆ, ಆಮೇಲೆ ನೀವು ತೂಗುತ್ತಿರುವುದು ಏನೆಂದು ದೇವರಿಗೇ ಗೊತ್ತು. ಡೆಸಿಕೇಟರಿನಲ್ಲಿ, ಅಂದರೆ ತೇವ ಹೀರುವ ವಸ್ತು ಇಟ್ಟ ಮುಚ್ಚಿದ ಪಾತ್ರೆಯಲ್ಲಿ, ಒಂದು ರಾತ್ರಿ ಇಟ್ಟರೆ ಸಾಕು.

ನಾಲ್ಕು ದಶಮಾಂಶದ ತಕ್ಕಡಿ, ಅಗೇಟ್ ಖಲ, ಸಾವಿರ ಡಿಗ್ರಿ ದಾಟುವ ಫರ್ನೇಸ್, ಎರಡು ದಪ್ಪ ಹಿತ್ತಾಳೆ ತಟ್ಟೆ, ಉದ್ದನೆಯ ಇಕ್ಕಳ. ಮೂಸೆ ಯಾವುದು ಎಂಬುದೇ ದೊಡ್ಡ ಪ್ರಶ್ನೆ. ಕರಗಿದ ಬೋರೇಟ್ ಆಕ್ಸೈಡುಗಳನ್ನು ತಿನ್ನುವ ದ್ರವ. ಪಿಂಗಾಣಿ ಮೂಸೆ ಬಳಸಿದರೆ ಸಿಲಿಕಾನ್, ಅಲ್ಯೂಮಿನಾ ಬಳಸಿದರೆ ಅಲ್ಯೂಮಿನಿಯಂ ನಿಮ್ಮ ಗಾಜಿನೊಳಗೆ ಸೇರಿಕೊಳ್ಳುತ್ತದೆ. ಪ್ಲಾಟಿನಂ, ಅದರಲ್ಲೂ ಶೇ 5ರಷ್ಟು ಚಿನ್ನ ಬೆರೆತ ಪ್ಲಾಟಿನಂ ಮೂಸೆ ಅತ್ಯುತ್ತಮ: ದ್ರವ ಅದಕ್ಕೆ ಅಂಟುವುದಿಲ್ಲ, ಪೂರ್ತಿ ಸುರಿದುಹೋಗುತ್ತದೆ. ಪ್ಲಾಟಿನಂ ಸಿಗದಿದ್ದರೆ ಅಲ್ಯೂಮಿನಾದಲ್ಲೇ ಮಾಡಿ, ಆದರೆ ಕರಗಿಸುವ ಸಮಯ ಕಡಿಮೆ ಮಾಡಿ, ಅಲ್ಯೂಮಿನಿಯಂ ಎಷ್ಟು ಸೇರಿದೆ ಎಂದು ಅಳೆದು ವರದಿಯಲ್ಲಿ ಬರೆಯಿರಿ. ಪ್ಲಾಟಿನಂ ಬಿಸಿ ಇರುವಾಗ ಉಕ್ಕಿನ ಇಕ್ಕಳದಿಂದ ಹಿಡಿಯಬಾರದು; ತುದಿಗೆ ಪ್ಲಾಟಿನಂ ಹೊದಿಸಿದ ಇಕ್ಕಳ ಬೇಕು. ಸೀಸ, ತವರ, ರಂಜಕ, ಆರ್ಸೆನಿಕ್ ಯಾವುದರ ಸುಳಿವೂ ಆ ಮೂಸೆಗೆ ತಾಗಬಾರದು.

ಫರ್ನೇಸಿನ ಡಿಸ್‌ಪ್ಲೇ ತೋರಿಸುವ ಅಂಕಿಯನ್ನು ನಂಬುವ ಮೊದಲು ಒಂದು ಚಿಟಿಕೆ ಶುದ್ಧ ಸೋಡಿಯಂ ಕ್ಲೋರೈಡ್ ಇಟ್ಟು ನೋಡಿ. ಅದು ಕರಗುವುದು 801 ಡಿಗ್ರಿಯಲ್ಲಿ. ಡಿಸ್‌ಪ್ಲೇ 830 ತೋರಿಸಿದಾಗಲೂ ಅದು ಪುಡಿಯಾಗಿಯೇ ಉಳಿದಿದ್ದರೆ ತಪ್ಪು ಎಲ್ಲಿದೆ ಎಂದು ಗೊತ್ತಾಯಿತಲ್ಲ.

ಸುರಕ್ಷತೆಯ ಮಾತು ಇಲ್ಲೇ ಮುಗಿಸಿಬಿಡುತ್ತೇನೆ. ಬೋರಿಕ್ ಆಮ್ಲ ಸಂತಾನಶಕ್ತಿಗೆ ಹಾನಿ ಮಾಡಬಲ್ಲದು ಎಂದು ಯುರೋಪಿನಲ್ಲಿ ವರ್ಗೀಕರಿಸಿದ್ದಾರೆ, ಆದ್ದರಿಂದ ಅರೆಯುವಾಗ ಮಾಸ್ಕ್, ಕೈಗವಸು ಕಡ್ಡಾಯ. ಕಾಯಿಸುವುದು ಫ್ಯೂಮ್ ಹುಡ್‌ನಲ್ಲಿ ಅಥವಾ ಗಾಳಿ ಹೊರಹೋಗುವ ಕಡೆ. ಎರಕ ಸುರಿಯುವಾಗ ಮುಖಕ್ಕೆ ಶೀಲ್ಡ್, ಶಾಖ ತಡೆಯುವ ಗವಸು, ಹತ್ತಿ ಬಟ್ಟೆ. ಪಾಲಿಯೆಸ್ಟರ್ ಬೇಡ.

ಹಂತ 2: ಲೆಕ್ಕ ಮತ್ತು ತೂಕ

ಒಂದು ಮೋಲ್ ಲಿಥಿಯಂ ಕಾರ್ಬೋನೇಟ್ ಮತ್ತು ನಾಲ್ಕು ಮೋಲ್ ಬೋರಿಕ್ ಆಮ್ಲ ಸೇರಿ ಒಂದು ಮೋಲ್ ಡೈಬೋರೇಟ್ ಕೊಡುತ್ತವೆ. ಜೊತೆಗೆ ಒಂದು ಮೋಲ್ ಇಂಗಾಲದ ಡೈಆಕ್ಸೈಡ್, ಆರು ಮೋಲ್ ನೀರು ಹೊರಗೆ ಹೋಗುತ್ತವೆ. ಮೋಲಾರ್ ತೂಕಗಳು: ಕಾರ್ಬೋನೇಟ್ 73.89, ಬೋರಿಕ್ ಆಮ್ಲ 61.83, ಡೈಬೋರೇಟ್ 169.12.

ಹತ್ತು ಗ್ರಾಂ ಗಾಜು ಬೇಕು ಎಂದುಕೊಳ್ಳಿ. ಹತ್ತನ್ನು 169.12ರಿಂದ ಭಾಗಿಸಿದರೆ 0.05913 ಮೋಲ್. ಹಾಗಾಗಿ ಕಾರ್ಬೋನೇಟ್ 4.369 ಗ್ರಾಂ, ಬೋರಿಕ್ ಆಮ್ಲ 14.624 ಗ್ರಾಂ. ಒಟ್ಟು 18.993 ಗ್ರಾಂ ಪುಡಿ ಹಾಕಿದರೆ ಕೈಗೆ ಬರುವುದು 10 ಗ್ರಾಂ. ಸುಮಾರು ಶೇ 47.3ರಷ್ಟು ತೂಕ ಆವಿ ಮತ್ತು ಅನಿಲವಾಗಿ ಹೋಗುತ್ತದೆ. ಈ ಅಂಕಿಯನ್ನು ಲ್ಯಾಬ್ ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಟ್ಟುಕೊಳ್ಳಿ, ಮುಂದಿನ ಹಂತದಲ್ಲಿ ಇದೇ ನಿಮ್ಮ ಸಾಕ್ಷಿ.

ಎರಡನ್ನೂ ಖಲಕ್ಕೆ ಹಾಕಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಅರೆಯಿರಿ. ಬೋರಿಕ್ ಆಮ್ಲದ ಹಳುಕು ಬೆರಳಿಗೆ ಜಾರುವಂತಿರುತ್ತದೆ, ಖಲದ ಅಂಚಿಗೆ ಮೆತ್ತಿಕೊಳ್ಳುತ್ತದೆ. ಆಗಾಗ ಪ್ಲಾಸ್ಟಿಕ್ ಚಮಚದಿಂದ ಕೆರೆದು ನಡುವಿಗೆ ತನ್ನಿ.

ಹಂತ 3: ನಿಧಾನವಾಗಿ ಕಾಯಿಸಿ (ಇಲ್ಲೇ ಬಹುಪಾಲು ತಪ್ಪಾಗುವುದು)

ನೇರವಾಗಿ 950 ಡಿಗ್ರಿಯ ಫರ್ನೇಸಿಗೆ ಮೂಸೆ ನೂಕಿದರೆ ಒಳಗಿನ ಪುಡಿ ಹಾಲಿನ ಹಾಗೆ ಉಕ್ಕಿ ಫರ್ನೇಸಿನ ತಳಕ್ಕೆ ಚೆಲ್ಲುತ್ತದೆ. ತಳದ ಇಟ್ಟಿಗೆ ಹಾಳು, ಸಂಯೋಜನೆಯೂ ಹಾಳು. ಬೋರಿಕ್ ಆಮ್ಲ ಮೊದಲು ಮೆಟಾಬೋರಿಕ್ ಆಮ್ಲವಾಗಿ, ಇನ್ನೂ ಬಿಸಿಯಾದರೆ ಬೋರಾನ್ ಆಕ್ಸೈಡಾಗಿ ಬದಲಾಗುತ್ತದೆ. ಪ್ರತಿ ಹಂತದಲ್ಲೂ ನೀರಾವಿ ಏಳುತ್ತದೆ. ಆ ಆವಿ ತಾನೊಂದೇ ಹೋಗದೆ ಬೋರಿಕ್ ಆಮ್ಲವನ್ನೂ ಸ್ವಲ್ಪ ಹೊತ್ತೊಯ್ಯುತ್ತದೆ. ಬೇಗ ಕಾಯಿಸಿದಷ್ಟೂ ಹೆಚ್ಚು ಬೋರಾನ್ ನಷ್ಟ.

ಮೂಸೆಯ ಮೂರನೇ ಒಂದು ಭಾಗ ಮಾತ್ರ ತುಂಬಿ. ಪುಡಿ ಹೆಚ್ಚಿದ್ದರೆ ಎರಡು ಕಂತಿನಲ್ಲಿ ಹಾಕಿ, ಮೊದಲನೆಯದು ಉಕ್ಕಿ ತಗ್ಗಿದ ಮೇಲೆ ಎರಡನೆಯದು. ಮುಚ್ಚಳ ಸಡಿಲವಾಗಿರಲಿ. ನಿಮಿಷಕ್ಕೆ ಒಂದೆರಡು ಡಿಗ್ರಿಯಂತೆ ಏರಿಸಿ 200ಕ್ಕೆ ತಂದು ಎರಡು ಗಂಟೆ, ಆಮೇಲೆ 400ಕ್ಕೆ ಎರಡು ಗಂಟೆ, ಕೊನೆಗೆ 650ಕ್ಕೆ ನಾಲ್ಕೈದು ಗಂಟೆ. ಈ ಕೊನೆಯ ಹಂತದಲ್ಲಿ ಕಾರ್ಬೋನೇಟಿನ ಅನಿಲ ಹೊರಬೀಳುತ್ತದೆ. ತಣಿಸಿ ಹೊರಗೆ ತೆಗೆದರೆ ಬಿಳಿಯ, ಗುಳ್ಳೆ ಗುಳ್ಳೆಯಾದ ಗಟ್ಟಿ ಮುದ್ದೆ ಸಿಗುತ್ತದೆ.

ಈಗ ಮೂಸೆಸಮೇತ ತೂಗಿ. ಪುಡಿಯ ಪಾಲು ಹತ್ತು ಗ್ರಾಂ ಹತ್ತಿರ ಇದ್ದರೆ ಸರಿ. ಹತ್ತಕ್ಕಿಂತ ಹೆಚ್ಚಿದ್ದರೆ ಕಾರ್ಬೋನೇಟ್ ಅಥವಾ ನೀರು ಇನ್ನೂ ಉಳಿದಿದೆ. ಪುಡಿ ಮಾಡಿ ಇನ್ನೊಮ್ಮೆ 700ಕ್ಕೆ ಕಾಯಿಸಿ. ಕಡಿಮೆಯಿದ್ದರೆ ಬೋರಾನ್ ಹೋಗಿದೆ. 0.2 ಗ್ರಾಂ ಬೋರಾನ್ ಆಕ್ಸೈಡ್ ಹೋಗಿದೆ ಎಂದರೆ ಮೋಲ್ ಲೆಕ್ಕದಲ್ಲಿ ಶೇ 33.3 ಇರಬೇಕಾದ ಲಿಥಿಯಂ ಆಕ್ಸೈಡ್ ಶೇ 33.9ಕ್ಕೆ ಏರಿದೆ ಎಂದು ಅರ್ಥ. ಕೇಳುವುದಕ್ಕೆ ಚಿಕ್ಕದು. ಆದರೆ ಅದೇ ಗಾಜನ್ನು ಸ್ಫಟಿಕವಾಗಿಸಿದಾಗ ಲಿಥಿಯಂ ಮೆಟಾಬೋರೇಟ್ ಎಂಬ ಎರಡನೇ ಸಂಯುಕ್ತ ತಲೆ ಹಾಕಲು ಅಷ್ಟೇ ಸಾಕು. ಮುಂದಿನ ಬ್ಯಾಚಿನಲ್ಲಿ ಕೊರತೆಯಷ್ಟು ಬೋರಿಕ್ ಆಮ್ಲ ಸೇರಿಸಿ. ಅಳೆಯದೆಯೇ ‘ಶೇ ಎರಡು ಹೆಚ್ಚಿಗೆ ಹಾಕಿದ್ದೇವೆ’ ಎಂದು ಬರೆಯುವ ರೂಢಿ ನನಗೆ ಒಗ್ಗುವುದಿಲ್ಲ. ಒಂದು ಫರ್ನೇಸಿನ ನಷ್ಟ ಇನ್ನೊಂದರದ್ದಲ್ಲ.

ಹಂತ 4: ಎರಕ

ಮುದ್ದೆಯನ್ನು ಪುಡಿ ಮಾಡಿ ಮತ್ತೆ ಮೂಸೆಗೆ ಹಾಕಿ 950ರಿಂದ 1000 ಡಿಗ್ರಿಯಲ್ಲಿ 20ರಿಂದ 30 ನಿಮಿಷ ಇಡಿ. ನಡುವೆ ಒಂದೆರಡು ಸಲ ಇಕ್ಕಳದಿಂದ ಮೂಸೆಯನ್ನು ಸುತ್ತು ತಿರುಗಿಸಿದರೆ ಗುಳ್ಳೆಗಳು ಮೇಲೆ ಬರುತ್ತವೆ. ದ್ರವ ನೀರಿನಷ್ಟು ತಿಳಿಯಾಗಿ, ಗುಳ್ಳೆ ಇಲ್ಲದೆ ಕಂಡಾಗ ಸಿದ್ಧ. ಇನ್ನೂ ಚೆನ್ನಾಗಿ ಬರಲಿ ಎಂದು ಗಂಟೆಗಟ್ಟಲೆ ಬಿಡಬೇಡಿ. ಬೋರಾನ್, ಲಿಥಿಯಂ ಎರಡೂ ಆವಿಯಾಗುತ್ತಲೇ ಇರುತ್ತವೆ.

ಸುರಿಯುವುದರಲ್ಲಿ ಎರಡು ದಾರಿ. ತೆಳುವಾದ ತುಣುಕು ಬೇಕಿದ್ದರೆ ಕೋಣೆಯ ಉಷ್ಣತೆಯ ಹಿತ್ತಾಳೆ ತಟ್ಟೆಯ ಮೇಲೆ ಸುರಿದು ತಕ್ಷಣ ಇನ್ನೊಂದು ತಟ್ಟೆಯಿಂದ ಅದುಮಿ. ಸೆಕೆಂಡಿಗೆ ನೂರಾರು ಡಿಗ್ರಿ ವೇಗದಲ್ಲಿ ತಣಿಯುತ್ತದೆ, ಸ್ಫಟಿಕಕ್ಕೆ ಅವಕಾಶವೇ ಇರುವುದಿಲ್ಲ. ದಪ್ಪ ಬಿಲ್ಲೆ ಬೇಕಿದ್ದರೆ ಅಚ್ಚನ್ನು 250ರಿಂದ 300 ಡಿಗ್ರಿಗೆ ಕಾಯಿಸಿಟ್ಟು ಅದರೊಳಗೆ ಸುರಿದು, ಗಟ್ಟಿಯಾಗುತ್ತಿದ್ದಂತೆ 460-470 ಡಿಗ್ರಿಯಲ್ಲಿ ಕಾದಿರುವ ಇನ್ನೊಂದು ಫರ್ನೇಸಿಗೆ ದಾಟಿಸಿ. ಎರಡು ಗಂಟೆ ಇಟ್ಟು, ಸ್ವಿಚ್ ಆರಿಸಿ, ಬಾಗಿಲು ತೆರೆಯದೆ ಬೆಳಗಿನವರೆಗೆ ಬಿಡಿ. ತಟ್ಟೆಯಲ್ಲಿ ಒಂದು ಹನಿ ನೀರಿದ್ದರೂ ಎರಕ ಸಿಡಿಯುತ್ತದೆ ಎಂಬುದು ನೆನಪಿರಲಿ.

ಗಾಜು ಬಂದ ಕೂಡಲೇ ಸಿಲಿಕಾ ಜೆಲ್ ಇರುವ ಡೆಸಿಕೇಟರಿಗೆ ಹಾಕಿ. ಬೋರೇಟ್ ಗಾಜಿಗೆ ತೇವ ಎಂದರೆ ಆಗದು. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು, ಉಡುಪಿಯ ಕಡೆ, ಮೇಜಿನ ಮೇಲೆ ಬಿಟ್ಟ ಗಾಜಿನ ಹೊಳಪು ಮಾಸುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಉಜ್ಜಿ ಪಾಲಿಶ್ ಮಾಡುವುದಿದ್ದರೆ ನೀರಿನ ಬದಲು ಸೀಮೆಎಣ್ಣೆ ಅಥವಾ ಲಿಕ್ವಿಡ್ ಪ್ಯಾರಾಫಿನ್ ಬಳಸಿ.

ಹಂತ 5: ಅದೇ ಪುಡಿಯಿಂದ ಸ್ಫಟಿಕ

650ರ ಹಂತದ ಪುಡಿಯಲ್ಲಿ ಸ್ವಲ್ಪ ಎತ್ತಿಟ್ಟುಕೊಂಡಿದ್ದರೆ ಅದನ್ನು ನುಣ್ಣಗೆ ಅರೆದು, ಬಿಲ್ಲೆ ಒತ್ತಿ 750ರಿಂದ 800 ಡಿಗ್ರಿಯಲ್ಲಿ ಹತ್ತು ಹನ್ನೆರಡು ಗಂಟೆ ಇಡಿ. ತೆಗೆದು ಅರೆದು ಮತ್ತೊಮ್ಮೆ ಇಡಿ. ಘನಸ್ಥಿತಿ ಕ್ರಿಯೆಯಲ್ಲಿ ಪರಮಾಣುಗಳು ಒಂದು ಕಣದಿಂದ ಇನ್ನೊಂದಕ್ಕೆ ತೆವಳಿಕೊಂಡು ಹೋಗಬೇಕು. ನಡುವೆ ಅರೆದರೆ ಹೊಸ ಮೇಲ್ಮೈಗಳು ಒಂದಕ್ಕೊಂದು ತಾಗುತ್ತವೆ, ದಾರಿ ಗಿಡ್ಡವಾಗುತ್ತದೆ. ಹಾಗಾಗಿ ಒಂದೇ ಸಲ ಇಪ್ಪತ್ನಾಲ್ಕು ಗಂಟೆ ಇಡುವುದಕ್ಕಿಂತ ಎರಡು ಸಲ ಹನ್ನೆರಡು ಗಂಟೆ ಇಡುವುದು ಮೇಲು.

ಎರಡನೇ ದಾರಿ, ನೀವು ಮಾಡಿದ ಗಾಜನ್ನೇ 600 ಡಿಗ್ರಿಯಲ್ಲಿ ಕೆಲವು ಗಂಟೆ ಇಡುವುದು. ತಿಳಿ ಗಾಜು ಅಂಚಿನಿಂದ ಬೆಳ್ಳಗಾಗುತ್ತಾ ಒಳಗೆ ಸಾಗುತ್ತದೆ, ಏಕೆಂದರೆ ಈ ಗಾಜಿನಲ್ಲಿ ಸ್ಫಟಿಕ ಹುಟ್ಟುವುದು ಹೆಚ್ಚಾಗಿ ಮೇಲ್ಮೈಯಿಂದ. ಅರ್ಧಕ್ಕೆ ನಿಲ್ಲಿಸಿ ತುಂಡು ಮಾಡಿ ನೋಡಿ: ಹೊರಗೆ ಬಿಳಿ ಸಿಪ್ಪೆ, ಒಳಗೆ ಇನ್ನೂ ಗಾಜು. ಪುಸ್ತಕದಲ್ಲಿ ಎಷ್ಟು ಓದಿದರೂ ತಲೆಗೆ ಹೋಗದ ವಿಷಯ ಈ ಒಂದು ತುಂಡಿನಿಂದ ಹೋಗುತ್ತದೆ.

ಹಂತ 6: ದುಬಾರಿ ಯಂತ್ರಕ್ಕೆ ಮೊದಲು ಎರಡು ಅಗ್ಗದ ಪರೀಕ್ಷೆ

ಎರಡು ಪೋಲರಾಯ್ಡ್ ಹಾಳೆಗಳನ್ನು ಅಡ್ಡಡ್ಡ ಇಟ್ಟು ನಡುವೆ ಗಾಜನ್ನು ಹಿಡಿದು ಬೆಳಕಿಗೆ ನೋಡಿ. ಒಳ್ಳೆಯ ಗಾಜು ಎಲ್ಲ ದಿಕ್ಕಿನಲ್ಲೂ ಒಂದೇ ಸಮ, ಆದ್ದರಿಂದ ಕತ್ತಲೆಯಾಗಿಯೇ ಉಳಿಯುತ್ತದೆ. ಒಳಗೆ ಒತ್ತಡ ಉಳಿದಿದ್ದರೆ ಬೂದು ಅಥವಾ ಬಣ್ಣದ ಪಟ್ಟೆಗಳು ಕಾಣುತ್ತವೆ; ಅಂದರೆ ತಣಿಸಿದ್ದು ಸಾಲದು. ಸ್ಫಟಿಕದ ಚೂರುಗಳಿದ್ದರೆ ಚುಕ್ಕಿಗಳಾಗಿ ಹೊಳೆಯುತ್ತವೆ. ಹಾಳೆಗಳನ್ನು ಬಿಟ್ಟರೆ ಬೇರೆ ಖರ್ಚಿಲ್ಲ, ಆದರೂ ಇದನ್ನು ಮಾಡುವವರು ಅಪರೂಪ.

ಎರಡನೆಯದು ಸಾಂದ್ರತೆ. ಗಾಜನ್ನು ಗಾಳಿಯಲ್ಲಿ ತೂಗಿ, ಆಮೇಲೆ ತಂತಿಯಿಂದ ತೂಗುಬಿಟ್ಟು ಟಾಲ್ವೀನ್‌ನೊಳಗೆ ತೂಗಿ. ನೀರು ಬೇಡ, ಕಾರಣ ಮೇಲೆ ಹೇಳಿದ್ದೇ. ಗಾಳಿಯ ತೂಕವನ್ನು ಎರಡರ ವ್ಯತ್ಯಾಸದಿಂದ ಭಾಗಿಸಿ, ಟಾಲ್ವೀನ್‌ನ ಸಾಂದ್ರತೆಯಿಂದ ಗುಣಿಸಿ. 25 ಡಿಗ್ರಿಯಲ್ಲಿ ಅದು 0.862. ಉದಾಹರಣೆಗೆ ಗಾಳಿಯಲ್ಲಿ 1.5000 ಗ್ರಾಂ, ಟಾಲ್ವೀನ್‌ನಲ್ಲಿ 0.9253 ಗ್ರಾಂ ತೂಗಿದರೆ ಸಾಂದ್ರತೆ ಘನ ಸೆಂಟಿಮೀಟರಿಗೆ 2.25 ಗ್ರಾಂ. ಡೈಬೋರೇಟ್ ಗಾಜಿಗೆ ಇದರ ಆಸುಪಾಸೇ ಬರಬೇಕು. ದ್ರವದ ಉಷ್ಣತೆಯನ್ನು ಅಳೆಯದಿದ್ದರೆ ಮೂರನೇ ಅಂಕಿಗೆ ಅರ್ಥವಿಲ್ಲ. ತಂತಿಗೆ ಅಂಟಿದ ಒಂದು ಗುಳ್ಳೆಯೂ ಲೆಕ್ಕ ಕೆಡಿಸುತ್ತದೆ.

ಸ್ಫಟಿಕದ ಸಾಂದ್ರತೆಯನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಇದು ಟೆಟ್ರಾಗೋನಲ್ ಸ್ಫಟಿಕ. ಏಕಕೋಶದ (ಸ್ಫಟಿಕದಲ್ಲಿ ಮತ್ತೆ ಮತ್ತೆ ಬರುವ ಅತಿ ಚಿಕ್ಕ ಪೆಟ್ಟಿಗೆಯ) ಪಾದದ ಅಂಚು 9.477 ಆಂಗ್‌ಸ್ಟ್ರಾಮ್, ಎತ್ತರ 10.286 ಆಂಗ್‌ಸ್ಟ್ರಾಮ್, ಒಳಗೆ ಎಂಟು ಸೂತ್ರ ಘಟಕ. ಘನ ಅಳತೆ ಸುಮಾರು 923.8 ಘನ ಆಂಗ್‌ಸ್ಟ್ರಾಮ್, ಸಾಂದ್ರತೆ 2.43. ಅದೇ ಪರಮಾಣುಗಳು, ಅಷ್ಟೇ ಸಂಖ್ಯೆ. ಆದರೂ ಗಾಜು ಒಂದು ಮೋಲಿಗೆ 75.2 ಘನ ಸೆಂ.ಮೀ. ಜಾಗ ಹಿಡಿದರೆ ಸ್ಫಟಿಕಕ್ಕೆ 69.5 ಸಾಕು. ಆ ಶೇ 8ರಷ್ಟು ಹೆಚ್ಚುವರಿ ಜಾಗವೇ ಗಾಜಿನ ಅಸ್ತವ್ಯಸ್ತತೆಯ ಮೊದಲ ಅಳತೆ.

ಹಂತ 7: ಎಕ್ಸ್-ರೇ ವಿವರ್ತನೆ

ತಾಮ್ರದ ಎಕ್ಸ್-ರೇ, ತರಂಗಾಂತರ 1.5406 ಆಂಗ್‌ಸ್ಟ್ರಾಮ್. 2 ಥೀಟಾ ಕೋನ 10ರಿಂದ 80 ಡಿಗ್ರಿವರೆಗೆ, ಹೆಜ್ಜೆ 0.02 ಡಿಗ್ರಿ. ಸ್ಫಟಿಕದ ಪುಡಿ ಸರಿಯಾಗಿದ್ದರೆ ಅತಿ ಎತ್ತರದ ಗೆರೆ 21.8 ಡಿಗ್ರಿಯಲ್ಲಿ (112 ಎಂದು ಗುರುತಿಸುವ ಪರಮಾಣು ಸಮತಲಗಳದ್ದು), ಮತ್ತೆ 25.5, 33.6, 34.6ರಲ್ಲಿ ಬಲವಾದ ಗೆರೆಗಳು ಬರುತ್ತವೆ. ಏಕಕೋಶದ ಅಳತೆ ಗೊತ್ತಿರುವುದರಿಂದ ಸಮತಲಗಳ ಅಂತರವನ್ನು ಕೋನಕ್ಕೆ ಜೋಡಿಸುವ ಬ್ರ್ಯಾಗ್ ಸೂತ್ರದಿಂದ ಇವನ್ನು ನೀವೇ ಲೆಕ್ಕ ಹಾಕಿ ತಾಳೆ ನೋಡಬಹುದು. ಸಾಫ್ಟ್‌ವೇರ್ ‘ಮ್ಯಾಚ್’ ಎಂದು ಹಸಿರು ಟಿಕ್ ಕೊಟ್ಟಿತು ಎಂದು ನಿರಾಳವಾಗಬೇಡಿ. ಯಾವ ಗೆರೆಗೂ ಸೇರದೆ ಉಳಿದ ಪುಟ್ಟ ಗೆರೆಗಳನ್ನು ಮೊದಲು ವಿಚಾರಿಸಿ: ಬೋರಾನ್ ಕಡಿಮೆಯಾಗಿದ್ದರೆ ಮೆಟಾಬೋರೇಟ್, ಹೆಚ್ಚಾಗಿದ್ದರೆ ಟ್ರೈಬೋರೇಟ್.

ಗೆರೆಯ ಅಗಲದಿಂದ ಕಣದ ಗಾತ್ರವೂ ಸಿಗುತ್ತದೆ. 21.8 ಡಿಗ್ರಿಯ ಗೆರೆ, ಉಪಕರಣದ ಪಾಲು ಕಳೆದ ಮೇಲೆ, 0.30 ಡಿಗ್ರಿ ಅಗಲವಿದ್ದರೆ ಶೆರರ್ ಸೂತ್ರದಂತೆ ಗಾತ್ರ ಸುಮಾರು 27 ನ್ಯಾನೊಮೀಟರ್. ಉಪಕರಣದ ಪಾಲನ್ನು ಕಳೆಯದೆ ಲೆಕ್ಕ ಹಾಕಿದ ‘ನ್ಯಾನೊ’ಗಳನ್ನು ನಾನು ನಂಬುವುದಿಲ್ಲ.

ರೀಟ್‌ವೆಲ್ಡ್ 1969ರಲ್ಲಿ ಪ್ರಕಟಿಸಿದ ವಿಧಾನದಿಂದ ಇಡೀ ನಕ್ಷೆಯನ್ನು ಹೊಂದಿಸಬಹುದು, ಫುಲ್‌ಪ್ರೊಫ್‌ನಂಥ (FullProf) ಉಚಿತ ತಂತ್ರಾಂಶಗಳಿವೆ. ಆದರೆ ಲಿಥಿಯಂ, ಬೋರಾನ್ ಎರಡೂ ಎಕ್ಸ್-ರೇಗೆ ಬಹಳ ಮಂಕು. ಏಕಕೋಶದ ಅಳತೆ, ಹಿನ್ನೆಲೆ, ಗೆರೆಯ ಆಕಾರ ಇಷ್ಟನ್ನು ನಂಬಿ. ಲಿಥಿಯಂನ ಉಷ್ಣಕಂಪನದ ಅಂಕಿ ಸಡಿಲ ಬಿಟ್ಟು ಬಂದ ಫಲಿತಾಂಶಕ್ಕೆ ಅರ್ಥ ಹುಡುಕಬೇಡಿ.

ಇನ್ನು ಗಾಜು. ಗೆರೆ ಇಲ್ಲ, 20ರಿಂದ 30 ಡಿಗ್ರಿ ನಡುವೆ ಒಂದು ಅಗಲವಾದ ಉಬ್ಬು ಮಾತ್ರ. ಇಲ್ಲೊಂದು ಬಲೆಯಿದೆ. ಪುಡಿಯನ್ನು ಸಾಮಾನ್ಯ ಗಾಜಿನ ಸ್ಲೈಡಿನ ಮೇಲೆ ತೆಳ್ಳಗೆ ಹರಡಿ ಇಟ್ಟರೆ, ಆ ಸ್ಲೈಡೇ ಇದೇ ಜಾಗದಲ್ಲಿ ಇಂಥದ್ದೇ ಉಬ್ಬು ಕೊಡುತ್ತದೆ. ಸ್ಲೈಡಿನ ಉಬ್ಬು ನಿಮ್ಮ ಪ್ರಬಂಧದಲ್ಲಿ ನಿಮ್ಮ ಗಾಜಿನ ಉಬ್ಬಾಗಿ ಅಚ್ಚಾಗಿಬಿಡಬಹುದು. ಹಿನ್ನೆಲೆ ಕೊಡದ ಸಿಲಿಕಾನ್ ಹೋಲ್ಡರ್ ಕೇಳಿ ಪಡೆಯಿರಿ. ಇಲ್ಲವೇ ಪುಡಿಯನ್ನು ಕುಳಿಯ ತುಂಬ ದಪ್ಪಗೆ ತುಂಬಿ, ಖಾಲಿ ಹೋಲ್ಡರಿನ ನಕ್ಷೆಯನ್ನೂ ತೆಗೆದಿಟ್ಟುಕೊಳ್ಳಿ.

ಅದಲ್ಲದೆ, ಉಬ್ಬು ಕಂಡ ಮಾತ್ರಕ್ಕೆ ಗಾಜು ಎನ್ನಲಾಗದು. ಶೇ ಒಂದೆರಡರಷ್ಟು ಸ್ಫಟಿಕ ಸಾಮಾನ್ಯ ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಅಸ್ಫಟಿಕ ಪುಡಿಗಳೆಲ್ಲ ಗಾಜೂ ಅಲ್ಲ. ಗಾಜು ಎನ್ನಲು ಅದು ಬಿಸಿ ಮಾಡಿದಾಗ ಮೆತ್ತಗಾಗುವ ಗಾಜು ಸಂಕ್ರಮಣವನ್ನು ತೋರಿಸಬೇಕು.

ಹಂತ 8: ಡಿಎಸ್‌ಸಿ (ಬಿಸಿ ಮಾಡುತ್ತಾ ಶಾಖದ ಏರಿಳಿತ ಅಳೆಯುವುದು)

ಇಪ್ಪತ್ತು ಮಿಲಿಗ್ರಾಂ ಗಾಜು, ನಿಮಿಷಕ್ಕೆ 10 ಡಿಗ್ರಿ, ನೈಟ್ರೋಜನ್ ಅಥವಾ ಆರ್ಗಾನ್. ಪ್ಯಾನ್ ಪ್ಲಾಟಿನಂ ಅಥವಾ ಅಲ್ಯೂಮಿನಾದ್ದಿರಲಿ. ಅಲ್ಯೂಮಿನಿಯಂ ಪ್ಯಾನ್ 660 ಡಿಗ್ರಿಯಲ್ಲಿ ಕರಗಿ ಸೆನ್ಸರಿಗೇ ಅಂಟಿಕೊಳ್ಳುತ್ತದೆ. ಆಪರೇಟರಿಗೆ ‘ಇದು 950ರವರೆಗೆ ಹೋಗಬೇಕು’ ಎಂದು ಚೀಟಿಯಲ್ಲಿ ಬರೆದುಕೊಡಿ, ಬಾಯಿಮಾತು ಸಾಲದು.

ರೇಖೆಯಲ್ಲಿ ಮೂರು ಘಟನೆ ಕಾಣಬೇಕು. ಸುಮಾರು 490ರ ಆಸುಪಾಸಿನಲ್ಲಿ ಒಂದು ಮೆಟ್ಟಿಲು, ಅದು ಗಾಜು ಸಂಕ್ರಮಣ. ಆಮೇಲೆ ಶಾಖ ಹೊರಸೂಸುವ ಚೂಪು ಶಿಖರ, ಅಲ್ಲಿ ಗಾಜು ಸ್ಫಟಿಕವಾಗುತ್ತದೆ. ಕೊನೆಗೆ 917ರ ಹತ್ತಿರ ಕರಗುವ ಕುಳಿ. ಮೆಟ್ಟಿಲು ಇದ್ದರೆ ಗಾಜು ಖಚಿತ. ಮೆಟ್ಟಿಲಿಗೂ ಶಿಖರಕ್ಕೂ ನಡುವಿನ ಅಂತರ ಹೆಚ್ಚಿದ್ದಷ್ಟೂ ಗಾಜು ಸ್ಥಿರ.

ಒಂದೇ ಗಾಜನ್ನು ತುಂಡಾಗಿ ಒಮ್ಮೆ, ನುಣ್ಣಗೆ ಅರೆದು ಇನ್ನೊಮ್ಮೆ ಹಾಕಿ ನೋಡಿ. ಪುಡಿಯಲ್ಲಿ ಶಿಖರ ಕಡಿಮೆ ಉಷ್ಣತೆಗೇ ಬರುತ್ತದೆ, ಮೆಟ್ಟಿಲು ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಂತ 5ರ ಬಿಳಿ ಸಿಪ್ಪೆ ಹೇಳಿದ್ದನ್ನೇ ಇದೂ ಹೇಳುತ್ತದೆ. ಕಣದ ಗಾತ್ರ, ಕಾಯಿಸುವ ವೇಗ ಎರಡನ್ನೂ ಬರೆಯದ ಡಿಎಸ್‌ಸಿ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ಹಂತ 9: ಬೋರಾನ್ ಸುತ್ತ ಎಷ್ಟು ಆಕ್ಸಿಜನ್?

ಬೋರೇಟ್ ಗಾಜಿನ ನಿಜವಾದ ಸ್ವಾರಸ್ಯ ಇಲ್ಲಿದೆ. ಶುದ್ಧ ಬೋರಾನ್ ಆಕ್ಸೈಡ್ ಗಾಜಿನಲ್ಲಿ ಪ್ರತಿ ಬೋರಾನ್ ಮೂರು ಆಕ್ಸಿಜನ್ ಹಿಡಿದು ಚಪ್ಪಟೆ ತ್ರಿಕೋನವಾಗಿರುತ್ತದೆ. ಮೂರು ತ್ರಿಕೋನ ಸೇರಿ ಬೋರಾಕ್ಸಾಲ್ ಎಂಬ ಉಂಗುರ. ಲಿಥಿಯಂ ಆಕ್ಸೈಡ್ ಸೇರಿಸುತ್ತಾ ಹೋದರೆ ಸಿಲಿಕೇಟಿನಲ್ಲಿ ಆಗುವಂತೆ ಜಾಲ ಕಡಿದುಹೋಗುವುದಿಲ್ಲ. ಬೋರಾನ್ ನಾಲ್ಕನೇ ಆಕ್ಸಿಜನ್ ಹಿಡಿದು ಚತುರ್ಮುಖಿಯಾಗುತ್ತದೆ, ಜಾಲ ಮೊದಲಿಗೆ ಇನ್ನೂ ಬಿಗಿಯಾಗುತ್ತದೆ. ಬ್ರೇ ಮತ್ತು ಒಕೀಫ್ 1963ರಲ್ಲಿ ಎನ್‌ಎಂಆರ್‌ನಿಂದ (ಕಾಂತಕ್ಷೇತ್ರದಲ್ಲಿ ಪರಮಾಣು ಬೀಜಗಳು ಕೊಡುವ ಸಂಕೇತದಿಂದ) ಇದನ್ನು ಅಳೆದು ತೋರಿಸಿದರು. ಲಿಥಿಯಂ ಆಕ್ಸೈಡ್ ಶೇ 30ರ ಸುಮಾರಿನವರೆಗೆ, ನಾಲ್ಕು ಆಕ್ಸಿಜನ್ ಹಿಡಿದ ಬೋರಾನ್‌ಗಳ ಪಾಲು ಸರಳ ಲೆಕ್ಕವನ್ನೇ ಅನುಸರಿಸುತ್ತದೆ: ಲಿಥಿಯಂ ಆಕ್ಸೈಡಿನ ಪಾಲನ್ನು ಬೋರಾನ್ ಆಕ್ಸೈಡಿನ ಪಾಲಿನಿಂದ ಭಾಗಿಸಿದರೆ ಬಂದದ್ದು. ಡೈಬೋರೇಟಿಗೆ ಅದು 0.5. ಸ್ಫಟಿಕದಲ್ಲಿ ಕರಾರುವಾಕ್ಕಾಗಿ ಅಷ್ಟೇ ಇರುತ್ತದೆ, ಪ್ರತಿ ನಾಲ್ಕು ಬೋರಾನ್‌ಗೆ ಎರಡು ತ್ರಿಕೋನ, ಎರಡು ಚತುರ್ಮುಖಿ. ಗಾಜಿನಲ್ಲಿ ಮಾತ್ರ ಸ್ವಲ್ಪ ಕಡಿಮೆ.

ಮೊದಲು ಎಫ್‌ಟಿಐಆರ್, ಅಂದರೆ ಗಾಜು ಯಾವ ಅವಕೆಂಪು ಬೆಳಕನ್ನು ಹೀರುತ್ತದೆ ಎಂದು ನೋಡುವುದು. ಒಂದೆರಡು ಮಿಲಿಗ್ರಾಂ ಗಾಜನ್ನು 200 ಮಿಲಿಗ್ರಾಂ ಒಣ ಪೊಟ್ಯಾಸಿಯಂ ಬ್ರೋಮೈಡಿನ ಜೊತೆ ಅರೆದು ಬಿಲ್ಲೆ ಒತ್ತಿ. ತರಂಗಸಂಖ್ಯೆ (ಒಂದು ಸೆಂಟಿಮೀಟರಿಗೆ ಎಷ್ಟು ಅಲೆ) 1200ರಿಂದ 1500ರ ಪಟ್ಟಿ ತ್ರಿಕೋನಗಳದ್ದು, 800ರಿಂದ 1150ರದ್ದು ಚತುರ್ಮುಖಿಗಳದ್ದು, 700ರ ಸುತ್ತಲಿನದು ಬೋರಾನ್-ಆಕ್ಸಿಜನ್-ಬೋರಾನ್ ಬಾಗುವಿಕೆ. 3400 ಮತ್ತು 1640ರಲ್ಲಿ ಏನಾದರೂ ಎದ್ದರೆ ಅದು ತೇವ, ಬಿಲ್ಲೆಯದ್ದೋ ಗಾಜಿನದ್ದೋ ಪತ್ತೆ ಮಾಡಿ. ಈ ಪಟ್ಟಿಗಳನ್ನು ಗೌಸಿಯನ್‌ಗಳಾಗಿ ಒಡೆದು, ವಿಸ್ತೀರ್ಣಗಳ ಅನುಪಾತದಿಂದ ಚತುರ್ಮುಖಿಗಳ ಪಾಲನ್ನು ಎರಡು ದಶಮಾಂಶಕ್ಕೆ ಬರೆಯುವ ಪರಿಪಾಠ ನಮ್ಮಲ್ಲಿ ಬಲವಾಗಿದೆ. ಎರಡು ಗುಂಪುಗಳು ಬೆಳಕನ್ನು ಒಂದೇ ಬಲದಿಂದ ಹೀರುವುದಿಲ್ಲ. ಆದ್ದರಿಂದ ಆ ಅಂಕಿ ಏರಿತೇ ಇಳಿಯಿತೇ ಎಂದು ನೋಡಲು ಮಾತ್ರ ಯೋಗ್ಯ.

ರಾಮನ್ ಪರೀಕ್ಷೆ (ಲೇಸರ್ ಬೆಳಕು ಚದುರುವ ಬಗೆ ನೋಡುವುದು) ಉಂಗುರಗಳ ವಿಷಯದಲ್ಲಿ ನಿಖರ. ಬೋರಾಕ್ಸಾಲ್ ಉಂಗುರಕ್ಕೆ 806ರಲ್ಲಿ ಚೂಪು ಗೆರೆ. ಉಂಗುರದೊಳಗೆ ಚತುರ್ಮುಖಿ ಸೇರಿಕೊಂಡರೆ 770ರ ಸುತ್ತಮುತ್ತ ಇನ್ನೊಂದು. ಡೈಬೋರೇಟ್ ಗಾಜಿನಲ್ಲಿ ಎರಡನೆಯದೇ ಮೇಲುಗೈ ಸಾಧಿಸಿರಬೇಕು. 806 ಇನ್ನೂ ಎದ್ದು ಕಂಡರೆ ತೂಕದಲ್ಲೋ ಬೆರೆಸಿದ್ದರಲ್ಲೋ ಎಡವಟ್ಟಾಗಿದೆ. 

ಅಂಕಿ ಬೇಕೇ ಬೇಕೆಂದರೆ ಬೋರಾನ್-11ರ ಎನ್‌ಎಂಆರ್ ಒಂದೇ ದಾರಿ. ಮಾದರಿಯನ್ನು ಜಿರ್ಕೋನಿಯಾ ರೋಟರಿನಲ್ಲಿ ತುಂಬಿ ಓರೆಯಾಗಿ ವೇಗವಾಗಿ ತಿರುಗಿಸುತ್ತಾರೆ. ಚತುರ್ಮುಖಿ ಸೊನ್ನೆ ಪಿಪಿಎಂ ಹತ್ತಿರ ಚೂಪಾಗಿ, ತ್ರಿಕೋನ 10ರಿಂದ 20ರ ನಡುವೆ ಅಗಲವಾಗಿ ಬರುತ್ತದೆ. ವಿಸ್ತೀರ್ಣಗಳನ್ನು ನಂಬಬೇಕಿದ್ದರೆ ಪಲ್ಸ್ ಕೋನ ಚಿಕ್ಕದಿರಬೇಕು ಎಂದು ಮೊದಲೇ ಹೇಳಿ. ಹಲವು ಪ್ರೋಬ್‌ಗಳೊಳಗೆ ಬೋರಾನ್ ನೈಟ್ರೈಡಿನ ಭಾಗವಿರುತ್ತದೆ, ಅದೂ ಸಂಕೇತ ಕೊಡುತ್ತದೆ. ಖಾಲಿ ರೋಟರಿನ ನಕ್ಷೆ ತೆಗೆದು ಕಳೆಯಲೇಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರ ಹೊರಗಿನವರ ಮಾದರಿಗಳನ್ನೂ ತೆಗೆದುಕೊಳ್ಳುತ್ತದೆ. ಕೇಂದ್ರ ಸರ್ಕಾರದ ಐ-ಸ್ಟೆಮ್ ಪೋರ್ಟಲಿನಲ್ಲಿ ಬೇರೆ ಸಂಸ್ಥೆಗಳ ಉಪಕರಣಗಳನ್ನೂ ಹುಡುಕಿ ಕಾಯ್ದಿರಿಸಬಹುದು.

ಉತ್ತರ 0.44 ಬಂತು ಎನ್ನಿ. ಬೋರಾನ್ ಒಂದಕ್ಕೆ 0.5 ಲಿಥಿಯಂ ಇದೆ, ಅದರಲ್ಲಿ 0.44 ಚತುರ್ಮುಖಿಗಳ ಋಣಾವೇಶವನ್ನು ಸರಿದೂಗಿಸುತ್ತಿದೆ. ಉಳಿದ 0.06, ಒಂದೇ ಬೋರಾನ್‌ಗೆ ಅಂಟಿ ಸೇತುವೆಯಾಗದೆ ಉಳಿದ ಆಕ್ಸಿಜನ್‌ಗಳ ಪಕ್ಕ ಕೂತಿದೆ. ಸ್ಫಟಿಕದಲ್ಲಿ ಇಲ್ಲದ, ಗಾಜಿನಲ್ಲಿ ಮಾತ್ರ ಇರುವ ಕಡಿತಗಳ ಎಣಿಕೆ ಹೀಗೆ ಕೈಗೆ ಬರುತ್ತದೆ.

ಹಂತ 10: ಸಂಯೋಜನೆಯನ್ನು ಮತ್ತೆ ಅಳೆಯಿರಿ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಇಡಿಎಸ್ (ಮಾದರಿ ಸೂಸುವ ಎಕ್ಸ್-ರೇಯಿಂದ ಮೂಲವಸ್ತು ಗುರುತಿಸುವ) ವರದಿ ಅಂಟಿಸಿ ‘ಸಂಯೋಜನೆ ದೃಢಪಟ್ಟಿದೆ’ ಎಂದು ಬರೆದರೆ ಈ ಗಾಜಿನ ಮಟ್ಟಿಗೆ ಅದು ಬುರುಡೆ. ಸಾಮಾನ್ಯ ಇಡಿಎಸ್‌ಗೆ ಲಿಥಿಯಂ ಕಾಣುವುದೇ ಇಲ್ಲ, ಬೋರಾನ್ ಕಂಡರೂ ಅಸ್ಪಷ್ಟ. ಅದರಿಂದ ಸಿಗುವ ಒಂದೇ ಉಪಯೋಗ ಮೂಸೆಯಿಂದ ಬಂದ ಅಲ್ಯೂಮಿನಿಯಂ, ಸಿಲಿಕಾನ್ ಹಿಡಿಯುವುದು. ಲಿಥಿಯಂಗೆ ಫ್ಲೇಮ್ ಫೋಟೋಮೀಟರ್ ಅಥವಾ ಐಸಿಪಿ (ಪ್ಲಾಸ್ಮಾದಲ್ಲಿ ಉರಿಸಿ ಮೂಲವಸ್ತು ಅಳೆಯುವ ಯಂತ್ರ) ಬಳಸಿ. ಬೋರಾನ್‌ಗೆ ಹಳೆಯ ವಿಧಾನವೇ ಚೆನ್ನ: ಗಾಜನ್ನು ಸೌಮ್ಯ ಆಮ್ಲದಲ್ಲಿ ಕರಗಿಸಿ, ಆಮ್ಲವನ್ನು ತಟಸ್ಥಗೊಳಿಸಿ, ಮ್ಯಾನಿಟಾಲ್ ಸೇರಿಸಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡುವುದು. ಬ್ಯೂರೆಟ್ ಇರುವ ಯಾವ ಕಾಲೇಜಿನಲ್ಲೂ ಆಗುತ್ತದೆ.

ಮುಂದೆ ಎಂದಾದರೂ ನ್ಯೂಟ್ರಾನ್ ವಿವರ್ತನೆಗೆ ಅರ್ಜಿ ಹಾಕುವ ಆಲೋಚನೆಯಿದ್ದರೆ ಕಚ್ಚಾವಸ್ತು ಕೊಳ್ಳುವಾಗಲೇ ಯೋಚಿಸಿ. ಬೋರಾನ್-10 ಮತ್ತು ಲಿಥಿಯಂ-6 ನ್ಯೂಟ್ರಾನ್‌ಗಳನ್ನು ನುಂಗಿಬಿಡುತ್ತವೆ. ಬೋರಾನ್-11, ಲಿಥಿಯಂ-7 ಹೆಚ್ಚಿಸಿದ ಪುಡಿಯಿಂದಲೇ ಗಾಜು ಮಾಡಬೇಕು, ಅದರ ಬೆಲೆ ಬೇರೆಯೇ.

ಕೊನೆಗೆ ಮೂಸೆ. ಪ್ಲಾಟಿನಂಗೆ ಅಂಟಿದ ಗಾಜನ್ನು ಕಬ್ಬಿಣದ ಮೊನೆಯಿಂದ ಕೆರೆಯಬೇಡಿ. ಶೇ 10ರ ಸಿಟ್ರಿಕ್ ಆಮ್ಲದಲ್ಲಿ ಬಿಸಿಯಾಗಿ ನೆನೆಸಿದರೆ ಬೋರೇಟ್ ತಾನಾಗಿ ಕರಗುತ್ತದೆ. ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲವೂ ಆದೀತು, ಆದರೆ ಅದಕ್ಕೆ ನೈಟ್ರಿಕ್ ಆಮ್ಲ ಬೆರೆಸಿದರೆ ಗಾಜಿನ ಜೊತೆ ಪ್ಲಾಟಿನಂ ಕೂಡ ಕರಗುತ್ತದೆ. ತೊಳೆದು, ಒಣಗಿಸಿ, ತೂಗಿ, ಆ ತೂಕವನ್ನು ಮುಂದಿನ ಬ್ಯಾಚಿನ ಪುಟದ ಮೇಲ್ತುದಿಯಲ್ಲಿ ಬರೆದಿಡಿ.